ಸಕ್ಕರೆ ಕಾಯಿಲೆಯ ಮಗು ಏಕೆ ಕುಳ್ಳಾಗುತ್ತದೆ?

ಹಿರೇಹಡಗಲಿಯಂತಹ ಊರುಗಳಲ್ಲಿ ಸಕ್ಕರೆ ಕಾಯಿಲೆಯೆಂದರೆ ವಯಸ್ಸಾದವರಿಗೆ ಬರುವುದು ಎಂಬ ನಂಬಿಕೆ ಇನ್ನೂ ಇದೆ. ಹತ್ತು ವರ್ಷದ ಹುಡುಗಿಗೆ ಬಂದರೆ ತಾಯಿ ಮೊದಲು ನಂಬುವುದಿಲ್ಲ; ನಂಬಿದ ಮೇಲೆ, ನಾಳೆ ಮದುವೆಗೆ ತೊಂದರೆಯಾದೀತೆಂದು ನೆಂಟರಿಂದ ಮುಚ್ಚಿಡುತ್ತಾಳೆ. ಮುಚ್ಚಿಡುವ ಭರದಲ್ಲಿ ನೆಂಟರ ಮನೆಗೆ ಹೋದಾಗಲೆಲ್ಲ ಒಂದು ಹೊತ್ತಿನ ಇನ್ಸುಲಿನ್ ತಪ್ಪುತ್ತದೆ. ಹೀಗೆ ತಪ್ಪುತ್ತಾ ಹೋದರೆ ಮಗಳ ಎತ್ತರವೇ ನಿಂತುಹೋಗಬಹುದೆಂದು ಎಷ್ಟು ತಾಯಂದಿರಿಗೆ ಗೊತ್ತು?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಲಿವರ್ ಐಜಿಎಫ್-1 ಎಂಬ ವಸ್ತುವನ್ನು ತಯಾರಿಸುತ್ತದೆ. ಎಲುಬು ಉದ್ದವಾಗಲು ಇದು ಬೇಕು. ಆದರೆ ಲಿವರ್ ಈ ಕೆಲಸ ಮಾಡಬೇಕಾದರೆ ಇನ್ಸುಲಿನ್ ಇರಬೇಕು. ಇನ್ಸುಲಿನ್ ಸಾಲದಿದ್ದರೆ ರಕ್ತದಲ್ಲಿ ಐಜಿಎಫ್-1 ಇಳಿಯುತ್ತದೆ. ಆಗ ಪಿಟ್ಯುಟರಿ ಇನ್ನಷ್ಟು ಹಾರ್ಮೋನನ್ನು ಸ್ರವಿಸುತ್ತದೆ. ಅದು ಎತ್ತರ ಹೆಚ್ಚಿಸುವ ಬದಲು ಸಕ್ಕರೆಯನ್ನೇ ಏರಿಸುತ್ತದೆ. ಇನ್ಸುಲಿನ್ ಸಾಲದ ಮಕ್ಕಳು ಕುಳ್ಳಾಗಿ, ಲಿವರ್ ಊದಿ, ಪ್ರಾಯಕ್ಕೆ ಬರುವುದು ತಡವಾಗುವುದನ್ನು ಫ್ರಾನ್ಸಿನ ವೈದ್ಯ ಮೋರಿಯಾಕ್ 1930ರಲ್ಲಿಯೇ ವಿವರಿಸಿದ್ದರು. ಇಂತಹ ಮಗುವಿಗೆ ಎತ್ತರ ಹೆಚ್ಚಿಸುವ ಟಾನಿಕ್ಕು, ಪೌಡರು ಕೊಡಿಸುವುದು ಹಣ ದಂಡ.

ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚುವುದರಿಂದ ಇನ್ಸುಲಿನ್ ಕೂಡ ಹೆಚ್ಚು ಬೇಕಾಗುತ್ತದೆ. ವೈದ್ಯರು ಪ್ರಮಾಣ ಏರಿಸಿದಾಗ, "ಚಟ ಹಿಡಿಯಿತು, ರೋಗ ಉಲ್ಬಣಿಸಿತು" ಎಂದು ಹೆದರಿ ತಾವಾಗಿಯೇ ಕಡಿಮೆ ಮಾಡುವವರಿದ್ದಾರೆ. ಮೈ ಬೆಳೆಯಬೇಕಾದ ವರ್ಷಗಳೇ ಅವು!

ಅದು ಹಂದಿಯಿಂದ ತೆಗೆದದ್ದಲ್ಲವೇ ಎಂದು ಕೆಲವು ಸಹೋದರಿಯರು ಕೇಳುವುದುಂಟು. ಹಿಂದೆ ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. ಆದರೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿಯೇ ಬಳಕೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಹೊರತಂದದ್ದು ಯೀಸ್ಟ್‌ನಿಂದ ತಯಾರಾದದ್ದು.

ನಮ್ಮ ಕಡೆಯ ಬೇಸಿಗೆಯನ್ನೂ ನೆನಪಿಡಬೇಕು. ಬಿಸಿಲಿಗೆ ಕೆಟ್ಟ ಇನ್ಸುಲಿನ್ ಕೊಟ್ಟರೂ ಕೊಡದಂತೆಯೇ. ಫ್ರಿಜ್ ಇಲ್ಲದವರು ಸೀಸೆಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು ನೆರಳಲ್ಲಿಡಬಹುದು. ಫ್ರಿಜ್ ಇದ್ದವರು ಫ್ರೀಜರಿನಲ್ಲಿ ಮಾತ್ರ ಇಡಬಾರದು. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ.

ಐಜಿಎಫ್-1 ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ನಿಲ್ಲಿಸಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ನಾಲ್ಕು ವರ್ಷ ದಾಟಿದ ಮಗು ಪ್ರಾಯಕ್ಕೆ ಬರುವವರೆಗೆ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕಕ್ಕಿಂತ ಕಡಿಮೆಯಾದರೆ ಆ ಲೆಕ್ಕವನ್ನು ವೈದ್ಯರಿಗೆ ತೋರಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಜೊತೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಈ ಮಕ್ಕಳಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು, ಅದೂ ಎತ್ತರವನ್ನು ತಡೆಯುತ್ತದೆ.