ಅಡಿಕೆಯ ಕೊಳೆರೋಗವೂ ಜಗಲಿಯ ಮಾತುಗಳೂ

ಮುಂಗಾರು ಹತ್ತಿರವಾದಂತೆ ಮಲೆನಾಡಿನ ಅಡಿಕೆ ತೋಟದ ಒಡೆಯರು ಎಲ್ಲಿ ಕೂಡಿದರೂ ಕೊಳೆರೋಗದ ಮಾತು ಬಾರದೆ ಇರದು. ಆ ಮಾತುಗಳಲ್ಲಿ ಅನುಭವದಿಂದ ಬಂದುವು ಕೆಲವು. ಬಾಯಿಂದ ಬಾಯಿಗೆ ಸಾಗಿ ಪ್ರಮಾಣವಿಲ್ಲದೆಯೇ ಸತ್ಯವೆನಿಸಿಕೊಂಡುವು ಹಲವು. ಇವುಗಳಿಂದಾಗುವ ನಷ್ಟವು ಒಂದು ವರ್ಷದ ಫಸಲಿಗೆ ಮುಗಿಯತಕ್ಕದ್ದಲ್ಲ. ರೋಗವು ಗೊನೆಯಿಂದ ಸುಳಿಗೆ ಹಬ್ಬಿದರೆ ಮರವೇ ಸಾಯುವುದು. ಅದರ ಸ್ಥಳದಲ್ಲಿ ನೆಟ್ಟ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳಾದರೂ ಬೇಕು.

ಮಳೆ ಮಂಜುಗಳೇ ಕಾಯಿಯನ್ನು ಕೊಳೆಯಿಸುತ್ತವೆ ಎಂಬುದು ಬಹು ಹಳೆಯ ನಂಬಿಕೆ. ಇದು ಅರ್ಧ ನಿಜ. ಹಿರಿಯರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು; ಕಟ್ಟಿದ ಗೊನೆ ಉಳಿಯುತ್ತಿತ್ತು. ಮಳೆಯೇ ಕಾರಣವೆಂದು ಅವರು ಊಹಿಸಿದುದು ಸಹಜವೇ. ಆದರೆ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಮೂಲವೆಂದು 1910ರಲ್ಲಿ ಪ್ರಕಟಿಸಿದರು. ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಹನಿ ಸಿಡಿದಂತೆ, ಗಾಳಿ ಬೀಸಿದಂತೆ ಗೊನೆಯಿಂದ ಗೊನೆಗೆ ಸಾಗುವುವು. ಮಳೆಯು ರೋಗದ ವಾಹನ. ಕೊಟ್ಟೆಯು ಆ ವಾಹನವನ್ನು ತಡೆಯುತ್ತಿತ್ತು.

ಬೋರ್ಡೋ ದ್ರಾವಣವನ್ನು ಔಷಧವೆಂದು ಕರೆಯುವುದರಿಂದ ಇನ್ನೊಂದು ತಪ್ಪು ಹುಟ್ಟಿದೆ. ಔಷಧವಾದರೆ ರೋಗ ಬಂದ ಮೇಲೆ ಕೊಡಬೇಕಷ್ಟೆ! ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಿ ಹೊರಡುವವರು ಈಗಲೂ ಕಡಮೆಯಿಲ್ಲ. ಈ ದ್ರಾವಣವು ಕೊಳೆತ ಕಾಯಿಯನ್ನು ಗುಣಪಡಿಸದು; ಆರೋಗ್ಯವಾದ ಕಾಯಿಯ ಮೇಲೆ ತಾಮ್ರದ ತೆಳುಪೊರೆಯಾಗಿ ನಿಂತು ಬೀಜಕಣವು ಮೊಳೆಯದಂತೆ ಕಾಯುವುದು. ಆದುದರಿಂದ ಮೊದಲನೆಯ ಸಿಂಪಡಿಕೆಯು ಮಳೆ ಹಿಡಿಯುವುದಕ್ಕೆ ಮುಂಚೆ, ಎರಡನೆಯದು 40-45 ದಿನಗಳ ತರುವಾಯ ಆಗತಕ್ಕದ್ದು. ಮಳೆ ಲಂಬಿಸಿದರೆ ಮೂರನೆಯದೂ ಬೇಕಾಗುವುದು.

ಇದರ ಹೆಸರು ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಿಂದ ಬಂದುದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿ ರಸ್ತೆಯ ಬದಿಯ ಬಳ್ಳಿಗಳಿಗೆ ಎರಚಿದ್ದ ಈ ನೀಲಿ ಮಿಶ್ರಣದಿಂದ ಎಲೆಗಳು ಬೂಷ್ಟು ತಗಲದೆ ಉಳಿದುದನ್ನು ಮಿಲಾರ್ದೆ ಎಂಬ ಪಂಡಿತರು ಕಂಡು, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು.

ಮೈಲುತುತ್ತ ಹೆಚ್ಚಿದಷ್ಟೂ ಗುಣ ಹೆಚ್ಚು, ಸುಣ್ಣವು ಬಣ್ಣಕ್ಕೆ ಮಾತ್ರ ಎಂಬ ಮಾತು ಎಲ್ಲಕ್ಕಿಂತ ಅಪಾಯಕರವಾದುದು. ಬರಿಯ ಮೈಲುತುತ್ತದ ನೀರು ಹುಳಿಯಾದುದು. ಎಳೆಗಾಯಿಯನ್ನೂ ಹಿಂಗಾರವನ್ನೂ ಸುಡುವುದು, ಮಳೆಗೆ ಬೇಗನೆ ತೊಳೆದುಹೋಗುವುದು. ಆ ಹುಳಿಯನ್ನು ಮುರಿದು ತಾಮ್ರವು ಕಾಯಿಗೆ ಅಂಟುವಂತೆ ಮಾಡುವುದೇ ಸುಣ್ಣ. 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ ಸಾಕು. ಇವನ್ನು ಬೇರೆಬೇರೆಯಾಗಿ 50 ಲೀಟರ್ ನೀರಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಕೂಡದು. ಕಬ್ಬಿಣದ ಪಾತ್ರೆ ಸಲ್ಲದು. ತೂಕ ಸರಿಯಿದ್ದರೂ ಸುಣ್ಣವು ಗಾಳಿ ಹೊಡೆದು ಹಳತಾಗಿದ್ದರೆ ದ್ರಾವಣವು ಹುಳಿಯಾಗಿಯೇ ಉಳಿಯಬಹುದು. ಇದನ್ನು ತಿಳಿಯಲು, ಹೊಳೆಯುವಂತೆ ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ನೋಡತಕ್ಕದ್ದು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಬೇಕು. ನಿನ್ನೆ ಕಲಸಿದ್ದನ್ನು ಇಂದು ಹೊಡೆಯುವ ಮಿತವ್ಯಯವು ಮೈಲುತುತ್ತವನ್ನೂ ಕೂಲಿಯನ್ನೂ ಒಟ್ಟಿಗೆ ಕಳೆಯುವ ಮಾರ್ಗ.

ಉದುರಿದ ಕಾಯಿ ಮರದ ಬುಡಕ್ಕೆ ಗೊಬ್ಬರವಾಗುವುದೆಂದು ಬಿಟ್ಟುಬಿಡುವವರೂ ಇದ್ದಾರೆ. ಅದು ಗೊಬ್ಬರವಾಗುವುದಕ್ಕೆ ಮೊದಲೇ ರೋಗದ ಬಿತ್ತನೆಯಾಗುವುದು. ಒಂದೇ ಕಣಿವೆಯ ತೋಟಗಳು ಒಂದೇ ಗಾಳಿಗೆ ತೆರೆದಿರುವುದರಿಂದ ಒಬ್ಬರ ಉದಾಸೀನಕ್ಕೆ ಹತ್ತು ಮಂದಿ ಬೆಲೆ ತೆರಬೇಕಾಗುವುದು. ಗ್ರಾಮದ ಮುಖ್ಯಸ್ಥರು ಮಳೆಗೆ ಮುಂಚೆಯೇ ಒಡೆಯರನ್ನು ಕೂಡಿಸಿ, ಕಣಿವೆಯ ತೋಟಗಳಿಗೆಲ್ಲ ಒಂದೇ ವಾರದಲ್ಲಿ ಸಿಂಪಡಿಕೆಯಾಗುವಂತೆ ಕೊನೆಗಾರರನ್ನು ಗೊತ್ತುಮಾಡಬಹುದು. ಬಿದ್ದ ಕಾಯಿಗಳನ್ನು ಆಗಾಗ ಆರಿಸಿ ತೋಟದಿಂದ ಸಾಗಿಸಿ ನಾಶಪಡಿಸಬೇಕು. ಒಣಗಿ ನಿಂತ ಗೊನೆಯ ದಂಟುಗಳನ್ನೂ ರೋಗದಿಂದ ಸತ್ತ ಮರದ ತಲೆಯನ್ನೂ ಕಡಿದು ಸುಡಬೇಕು.