ಕಳ್ಳದಾರಿ ಕಾಡಿನಲ್ಲಿಲ್ಲ

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಎರಡು ದೊಡ್ಡ ರಸ್ತೆಗಳು ಕೂಡುತ್ತವೆ. ಒಂದು, ಬೆಂಗಳೂರು–ಮಂಗಳೂರಿನ ರಾಷ್ಟ್ರೀಯ ಹೆದ್ದಾರಿ 75. ಇನ್ನೊಂದು, ಕಲಬುರಗಿ ಜಿಲ್ಲೆಯ ಜೇವರ್ಗಿಯಿಂದ ಬಳ್ಳಾರಿ, ಹಿರಿಯೂರು ದಾಟಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಚಾಮರಾಜನಗರಕ್ಕೆ ಹೋಗುವ 150ಎ. ಮನುಷ್ಯರನ್ನು ಸಾಗಿಸುವ ದಂಧೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ ‘ಅದೆಲ್ಲ ಬಾರ್ಡರ್ ಕಡೆ, ನಮ್ ಕಡೆ ಎಲ್ ಬಂತು’ ಎನ್ನುವವರೇ ಹೆಚ್ಚು. ಈ ಎರಡು ರಸ್ತೆಗಳ ತುದಿಯಲ್ಲಿ ಅದಕ್ಕೆ ಒಂದೊಂದು ಉತ್ತರ ಇದೆ.

‘ಕಳ್ಳಸಾಗಣೆ ನಡೆಯುವುದು ಗಡಿಯಲ್ಲಿ, ಕತ್ತಲಲ್ಲಿ’

2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರಿಗೆ ಶ್ರೀಲಂಕಾದ 38 ಮಂದಿ ಸಿಕ್ಕಿದರು. ಕೆನಡಾಕ್ಕೆ ಕಳಿಸುತ್ತೇವೆ, ಅಲ್ಲಿ ಕೆಲಸ ಕೊಡಿಸುತ್ತೇವೆ ಎಂದು ನಂಬಿಸಿ ಏಜೆಂಟರು ಅವರಿಂದ ಲಕ್ಷಗಟ್ಟಲೆ ಪೀಕಿದ್ದರು. ದೋಣಿ ಹತ್ತಿ ತಮಿಳುನಾಡಿನ ಕರೆಗೆ ಇಳಿದದ್ದಷ್ಟೇ ಕದ್ದು ಮಾಡಿದ ಪಯಣ. ಆಮೇಲೆ ಬೆಂಗಳೂರು, ಅಲ್ಲಿಂದ ಮಂಗಳೂರು, ಎಲ್ಲರೂ ಓಡಾಡುವ ರಸ್ತೆಯಲ್ಲೇ. ಕೆನಡಾದ ದಾರಿ ಮಾತ್ರ ತೆರೆಯಲೇ ಇಲ್ಲ. ಮುಂದೆ ಪ್ರಕರಣ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು.

ಗಡಿ ದಾಟಿಸುವುದು ಒಂದು ರಾತ್ರಿಯ ಕೆಲಸ. ದಾಟಿದವರನ್ನು ವಾರಗಟ್ಟಲೆ ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಳ್ಳುವುದು ಕಷ್ಟ. ಅದಕ್ಕೆ ರೂಮು ಬೇಕು, ಊಟ ಬೇಕು, ಸಿಮ್ ಕಾರ್ಡ್ ಬೇಕು, ಸುಳ್ಳು ಆಧಾರ್ ಮಾಡಿಕೊಡುವವನು ಬೇಕು, ಹಣವನ್ನು ಬ್ಯಾಂಕಿಗೆ ತೋರಿಸದೆ ದಾಟಿಸುವವನು ಬೇಕು. ದಂಧೆಗೆ ಸಂಘಟನೆ ಬರುವುದು ಇಲ್ಲಿ. ಹಾಗಾಗಿಯೇ ಅದು ಕೆಲಸ ಸಿಗುವ, ಪರಿಚಯ ಕೇಳದ ದೊಡ್ಡ ಊರುಗಳನ್ನು ಹುಡುಕುತ್ತದೆ. 2023ರ ನವೆಂಬರ್ 8ರಂದು ತನಿಖಾ ದಳ ಹತ್ತು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಟ್ಟಿಗೆ ದಾಳಿ ಮಾಡಿ 44 ಮಂದಿಯನ್ನು ಬಂಧಿಸಿತು. ಬಾಂಗ್ಲಾದೇಶದ ಗಡಿಯಿಂದ ಜನರನ್ನು ಒಳಗೆ ತರುವ ಜಾಲ ಅದು. ಆದರೂ ಬಂಧಿತರಲ್ಲಿ ಹತ್ತು ಮಂದಿ ಸಿಕ್ಕಿದ್ದು ಆ ಗಡಿಯಿಂದ ಬಹುದೂರದ ಕರ್ನಾಟಕದಲ್ಲಿ.

‘ಪಾಸ್‌ಪೋರ್ಟು, ವೀಸಾ ಸರಿಯಿದ್ದರೆ ಭಯವಿಲ್ಲ’

ನಮ್ಮ ಕಡೆಯ ಅಪ್ಪ ಅಮ್ಮಂದಿರು ಗಟ್ಟಿಯಾಗಿ ನಂಬಿರುವುದು ಇದನ್ನೇ, ಅಪಾಯ ಹೆಚ್ಚಿರುವುದೂ ಇದರಲ್ಲೇ.

ಕಲಬುರಗಿಯ ಮೂವರು ಯುವಕರು ಹೋದದ್ದು ವಿಮಾನದಲ್ಲಿ. ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ ಏಜೆಂಟನೊಬ್ಬ ರಷ್ಯಾದಲ್ಲಿ ಒಳ್ಳೆಯ ಸಂಬಳದ ಕೆಲಸ ಎಂದಿದ್ದ. ಅಲ್ಲಿ ಅರ್ಥವಾಗದ ಭಾಷೆಯ ಕರಾರಿಗೆ ಸಹಿ ಹಾಕಿಸಿ, ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧಕ್ಕೆ ಕಳಿಸಿದರು. ಅವರಂತೆಯೇ ಹೋಗಿದ್ದ ಸೂರತ್ತಿನ ಯುವಕ 2024ರ ಫೆಬ್ರುವರಿಯಲ್ಲಿ ಡ್ರೋನ್ ದಾಳಿಗೆ ಬಲಿಯಾದ. ಮಾರ್ಚ್‌ನಲ್ಲಿ ಸಿಬಿಐ ಮಾನವ ಕಳ್ಳಸಾಗಣೆಯ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಕಲಬುರಗಿಯವರು ಮನೆ ಸೇರಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಆಗ್ನೇಯ ಏಷ್ಯಾದ ಕತೆಯೂ ಹೀಗೇ. ಕಂಪ್ಯೂಟರ್ ಕೆಲಸ ಎಂದು ಬ್ಯಾಂಕಾಕ್‌ಗೆ ವಿಮಾನ. ಅಲ್ಲಿಂದ ಕಾರಿನಲ್ಲಿ ಮೇ ಸಾಟ್ ಪಟ್ಟಣ. ಮೋಯಿ ನದಿ ದಾಟಿದರೆ ಮ್ಯಾನ್ಮಾರಿನ ಮ್ಯಾವಡಿ. ಪಾಸ್‌ಪೋರ್ಟು ಕಸಿದು, ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸುವ ಕಾಂಪೌಂಡುಗಳು ಅಲ್ಲಿವೆ. 2025ರ ಮಾರ್ಚ್‌ನಲ್ಲಿ ಭಾರತ ವಾಯುಪಡೆಯ ವಿಮಾನಗಳಲ್ಲಿ ಎರಡು ದಿನಕ್ಕೆ 549 ಮಂದಿಯನ್ನು ವಾಪಸು ಕರೆತಂದಿತು. ಇಡೀ ದಾರಿಯಲ್ಲಿ ಕಾನೂನು ಮೀರಿದ್ದು ಕೊನೆಯ ಆ ನದಿಯೊಂದನ್ನು ದಾಟುವಾಗ. ಅಷ್ಟು ಹೊತ್ತಿಗೆ ಹುಡುಗ ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಪರಿಚಯವಿಲ್ಲದವರ ಕಾರಿನಲ್ಲಿರುತ್ತಾನೆ.

ಸರ್ಕಾರದ ತಪಾಸಣೆ ಇಲ್ಲವೇ? ಇದೆ, ಆದರೆ ಅದನ್ನು ಹೊಲಿದದ್ದು ಗಲ್ಫ್‌ಗೆ ಹೋಗುವ ಕೂಲಿಕಾರರ ಅಳತೆಗೆ. 1983ರ ವಲಸೆ ಕಾಯ್ದೆಯಡಿ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಲ್ಲಿ ಮುಖ್ಯವಾಗಿ ಹತ್ತನೇ ತರಗತಿ ದಾಟದವರು ಅನುಮತಿ ಪಡೆಯಬೇಕು. ರಷ್ಯಾ, ಕಾಂಬೋಡಿಯಾ, ಮ್ಯಾನ್ಮಾರ್ ಆ ಪಟ್ಟಿಯಲ್ಲೇ ಇಲ್ಲ. ಡಿಪ್ಲೊಮಾ ಓದಿದ ಹುಡುಗ ಪ್ರವಾಸಿ ವೀಸಾ ಹಿಡಿದು ಹೊರಟರೆ ತಡೆಯುವವರಿಲ್ಲ. ಓದಿದವನು ಮೋಸ ಹೋಗುವುದಿಲ್ಲ ಎಂಬ ಲೆಕ್ಕ ಆ ಕಾಯ್ದೆ ಬಂದ ಕಾಲದ್ದು. ಈಗ ವಂಚನೆಯ ಕಾಂಪೌಂಡಿಗೆ ಬೇಕಾದವನೇ ಇಂಗ್ಲಿಷ್ ಬರುವ, ಟೈಪ್ ಮಾಡಬಲ್ಲ ಹುಡುಗ.

‘ದಾರಿ ಮುಚ್ಚಿದರೆ ದಂಧೆ ನಿಲ್ಲುತ್ತದೆ’

ನೈಜರ್ ದೇಶದ ಅಗಾದೇಜ್ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಸಹಾರಾ ಮರುಭೂಮಿಯ ಅಂಚಿನ ಆ ಊರಿನಿಂದ ಲಿಬಿಯಾ ಕಡೆಗೆ ಜನರನ್ನು ತುಂಬಿದ ಪಿಕಪ್‌ಗಳು ಸೈನ್ಯದ ಸಾಲಿನ ಜೊತೆಯಲ್ಲೇ ಬಹಿರಂಗವಾಗಿ ಹೋಗುತ್ತಿದ್ದವು. 2015ರಲ್ಲಿ ಯುರೋಪಿನ ಒತ್ತಾಯದಿಂದ ಅದನ್ನು ಅಪರಾಧವೆನ್ನುವ ಕಾನೂನು ಬಂತು. ಎಷ್ಟೋ ಚಾಲಕರು ಕೆಲಸ ಬಿಟ್ಟರು, ನಿಜ. ಉಳಿದವರು ಪೊಲೀಸರನ್ನು ತಪ್ಪಿಸಲು ಬಾವಿಗಳಿಲ್ಲದ ದಾರಿ ಹಿಡಿದರು, ಬಾಡಿಗೆ ಏರಿಸಿದರು. ಗಾಡಿ ಕೆಟ್ಟರೆ ಪ್ರಯಾಣಿಕರನ್ನು ಮರಳಿನಲ್ಲೇ ಬಿಟ್ಟು ಓಡಿದವರೂ ಇದ್ದರು. 2023ರ ನವೆಂಬರ್‌ನಲ್ಲಿ ಅಲ್ಲಿನ ಸೇನಾ ಸರ್ಕಾರ ಆ ಕಾನೂನನ್ನೇ ರದ್ದು ಮಾಡಿತು.

ಹಾಗೆಂದು ಗಡಿ ಕಾವಲು ಬೇಡವೆಂದಲ್ಲ. ಆದರೆ ಕಾವಲು ಹೆಚ್ಚಿದಷ್ಟೂ ಒಬ್ಬನೇ ದಾಟಲಾಗದವನು ದಲ್ಲಾಳಿಯ ಕಾಲು ಹಿಡಿಯುತ್ತಾನೆ. ಸಣ್ಣ ದಲ್ಲಾಳಿ ಹೆದರಿ ಬಿಟ್ಟ ಜಾಗಕ್ಕೆ ಲಂಚ ಕೊಡಬಲ್ಲ, ಬಂದೂಕು ಇರುವ ಗುಂಪು ಬರುತ್ತದೆ.

‘ಒಪ್ಪಿ ಹೋದವರು, ಅನುಭವಿಸಲಿ’

ಇದು ಸ್ವಲ್ಪ ಕಲ್ಲೆದೆಯ ಮಾತು, ಕಾನೂನೂ ಒಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಮೋಸ, ಬಲವಂತ, ಆಮಿಷದಿಂದ ಶೋಷಣೆಗೆ ಸಾಗಿಸಿದ್ದರೆ, ಸಿಕ್ಕಿಬಿದ್ದವರು ಒಪ್ಪಿದ್ದರೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಪ್ಪಿಗೆಯ ಹಿಂದೆ ಬಹುತೇಕ ಸಾಲವಿರುತ್ತದೆ, ಸಾಲಕ್ಕೆ ವಿದೇಶವೇ ಆಗಬೇಕೆಂದಿಲ್ಲ. ಮಂಡ್ಯದ ಗದ್ದೆಗಳಿಗೆ ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಗ್ಯಾಂಗುಗಳು ಬರುವುದು ಮುಂಗಡ ಪಡೆದೇ. ಅದು ತೀರಿ ಊರಿಗೆ ಹೋದರೆ ವಲಸೆ. ಮುಂಗಡ ತೀರುವವರೆಗೆ ಜಾಗ ಬಿಟ್ಟು ಕದಲಬಾರದು ಎಂದು ತಡೆದರೆ 1976ರ ಕಾಯ್ದೆಯಂತೆ ಜೀತ, ಜೀತವೆಂದು ಸಾಬೀತಾದ ಗಳಿಗೆಯಲ್ಲಿ ಆ ಸಾಲವೂ ರದ್ದು. ನಾಗಮಂಗಲ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳವರು ಈ ದೂರು ಕೊಡಬೇಕಾದದ್ದು ಪಾಂಡವಪುರದ ಉಪವಿಭಾಗಾಧಿಕಾರಿ (ಎಸಿ) ಕಚೇರಿಗೆ. ವಿದೇಶದ ಕೆಲಸವಾದರೆ ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಮೂರು ಲಕ್ಷ ಕೇಳುವವನಿಗೆ ನೋಂದಾಯಿತರ ಪಟ್ಟಿಯಲ್ಲಿ ಜಾಗವಿಲ್ಲ.