ಸವಳು ನೆಲದಲ್ಲಿ ಬೆಂಡೆ ಬೀಜ

ಕಾರಟಗಿ ದಾಟಿ ಸಿಂಧನೂರಿನ ದಾರಿ ಹಿಡಿದರೆ ಕಣ್ಣು ಹಾಯುವಷ್ಟೂ ಭತ್ತ. ಕಾಲುವೆ ಕೆಳಗಿನ ತಗ್ಗು ಹೊಲಗಳಿಗೆ ಇಳಿದರೆ ನೋಟವೇ ಬೇರೆ. ನೀರು ಆರಿದಲ್ಲೆಲ್ಲ ಬಿಳಿ ಉಪ್ಪು ಪದರುಗಟ್ಟಿದೆ, ಮೆಟ್ಟಿದರೆ ಚರಚರ ಒಡೆಯುತ್ತದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಮುಗಿಯಿತು. ಮುಂದೆ ಭತ್ತದ ಮೇಲೆ ಭತ್ತ ಬೆಳೆದು, ನೀರು ಬಸಿಯಲು ದಾರಿ ಸಾಲದೆ ತಳದ ಲವಣ ಮೇಲೆದ್ದಿತು. ಇದೇ ಸವಳು.

ಇಂಥ ಹೊಲದ ಅಂಚಿಗೆ ನಾಲ್ಕು ಸಾಲು ಬೆಂಡೆ ಹಾಕುವ ಮನೆಯಲ್ಲಿ ಬಿತ್ತನೆ ಹಿಂದಿನ ದಿನವೇ ಶುರುವಾಗುತ್ತದೆ. ಸಂಜೆ ಬೋಗುಣಿಯ ನೀರಿಗೆ ಮನೆಯದೇ ಬೀಜ ಸುರಿದು, ತೇಲಿದ ಜೊಳ್ಳನ್ನು ಅಂಗೈಯಲ್ಲಿ ಬಳಿದು ಚೆಲ್ಲುತ್ತಾರೆ. ಬೆಳಗಾಗುವಷ್ಟರಲ್ಲಿ ಬೂದುಹಸಿರು ಕಾಳು ಕಪ್ಪೇರಿ ಉಬ್ಬಿರುತ್ತದೆ. ಹಳೇ ಸೀರೆಯ ಮೇಲೆ ಅದನ್ನು ಹರವುವ ಸೊಸೆಗೆ ಅತ್ತೆಯ ಎಚ್ಚರಿಕೆ: “ಬಿಸಲಿಗೆ ಒಯ್ಯಬ್ಯಾಡವ್ವ, ನೆಳ್ಳಾಗ ಆರ್ಲಿ. ಮೊಳಕಿ ಹಣಿಕಿ ಹಾಕೂದ್ರಾಗ ನೀರಿಂದ ತಗೀಬೇಕು.”

ಗುಟ್ಟೆಲ್ಲ ಆ ಕೊನೆಯ ಮಾತಿನಲ್ಲಿದೆ. ಸವಳು ಮಣ್ಣಿನಲ್ಲಿ ತೇವವಿದ್ದರೂ ಲವಣ ಅದನ್ನು ಬೀಜಕ್ಕೆ ಸುಲಭವಾಗಿ ಬಿಟ್ಟುಕೊಡದು. ಮನೆಯ ಸಿಹಿನೀರಿನಲ್ಲಿ ನೆನೆದ ಬೀಜದೊಳಗೆ ಕಿಣ್ವಗಳು ಎಚ್ಚೆತ್ತು, ಮೊಳೆಯುವ ಮೊದಲಿನ ಕೆಲಸ ಮುಗಿಸಿಕೊಳ್ಳುತ್ತವೆ. ನೆರಳಲ್ಲಿ ಆರಿಸಿದರೂ ಆ ಗಳಿಕೆ ಉಳಿಯುತ್ತದೆ. ಹೊಲಕ್ಕೆ ಬಿದ್ದಾಗ ಬೇಗ, ಹೆಚ್ಚುಕಡಿಮೆ ಒಟ್ಟಿಗೇ ಮೇಲೆ ಬರುತ್ತದೆ. ಬೇರು ಹೊರಬಿದ್ದ ಮೇಲೆ ಆರಿಸಿದಿರೋ, ಬೀಜ ಸತ್ತಂತೆಯೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈಡೆಕರ್ ಮತ್ತು ಸಂಗಡಿಗರು 1973ರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ನೆನೆಸಿ ತೋರಿಸಿದ್ದೂ ಇದನ್ನೇ: ಬೀಜ ಹೀರುವ ನೀರಿಗೆ ಮಿತಿ ಹಾಕಿ, ಮೊಳಕೆಯ ಹೊಸ್ತಿಲಲ್ಲಿ ನಿಲ್ಲಿಸುವುದು. ಕ್ಯಾಲ್ಸಿಯಂ ಕ್ಲೋರೈಡಿನ ತೆಳು ದ್ರಾವಣದಲ್ಲಿ ನೆನೆಸುವ ರೂಢಿಯೂ ಇದೆ. ಸೋಡಿಯಂನ ಹೊಡೆತವನ್ನು ಕ್ಯಾಲ್ಸಿಯಂ ಕೊಂಚ ತಡೆಯುತ್ತದೆ.

ಇದರಿಂದ ನೆಲದ ಸವಳು ಹೋಗದು. ಅದಕ್ಕೆ ಬಸಿಗಾಲುವೆಯೇ ಬೇಕು, ಮಣ್ಣು ಪರೀಕ್ಷೆ ಹೇಳಿದರೆ ಜಿಪ್ಸಂ ಕೂಡ. ಆದರೆ ಬಿತ್ತಿದ ಬೀಜ ಮಣ್ಣಲ್ಲೇ ಕೊಳೆತು ಮತ್ತೆ ಪೊಟ್ಟಣ ಕೊಳ್ಳುವ ರೈತರಿಗೆ ಒಂದು ಬೋಗುಣಿ ನೀರಿನ ಈ ಉಪಾಯ ಸಣ್ಣದೇನಲ್ಲ. ಅಂಗಡಿಯ ಗುಲಾಬಿ ಬಣ್ಣದ ಬೀಜಕ್ಕೆ ಔಷಧಿ ಲೇಪವಿರುತ್ತದೆ, ಅದನ್ನು ನೆನೆಸಬೇಡಿ. ನೆನೆಸಿ ಆರಿಸಿದ್ದನ್ನು ಮುಂದಿನ ಹಂಗಾಮಿಗೆ ಎತ್ತಿಡಲೂಬೇಡಿ, ಬಾಳಿಕೆ ಕಡಿಮೆ. ಈ ಸಲ ನಿಮ್ಮ ಹೊಲದ್ದೇ ಮಣ್ಣು ತುಂಬಿದ ಎರಡು ಟ್ರೇಗಳಲ್ಲಿ ನೆನೆಸಿದ ಬೀಜ, ಒಣ ಬೀಜ ಬೇರೆಬೇರೆ ಹಾಕಿ, ಮೊಳಕೆ ಎಣಿಸಿ ನೋಡಿ.